ಎದುರಂಗಡಿಯವನ ಲಾಗಿನ್

ವಿಜಯನಗರದಲ್ಲಿ ಒಂದು ಕಾರ್ ಶೆಡ್ ಬಾಡಿಗೆಗೆ ಹಿಡಿದು, ವೆಬ್‌ಸೈಟ್ ಮಾಡಿಕೊಡೋ ಅಂಗಡಿ ಇಟ್ಟಿದ್ದೆ. ಎದುರಿಗೇ ಇನ್ನೊಬ್ಬ ಬಂದು ಅಂಥದ್ದೇ ಅಂಗಡಿ ತೆರೆದ, ಗಾಜಿನ ಬಾಗಿಲು, ಎಸಿ ಸಮೇತ. ಅವತ್ತಿನಿಂದ ಏನಾದ್ರೊಂದು ನಡೀತಾನೇ ಇತ್ತು. ನನ್ನ ಹೊಟ್ಟೆಉರಿಗೆ ಒಂದು ದಿನವೂ ರಜ ಸಿಗಲಿಲ್ಲ.

೧. ಕರೆಂಟು

ಒಬ್ಬ ಗಿರಾಕಿಗೆ ಅವರ ಸೈಟು ತೋರಿಸ್ತಾ ಇದ್ದಾಗ ಕರೆಂಟ್ ಹೋಯ್ತು. ನನ್ನ ಹತ್ರ ಯುಪಿಎಸ್ ಇಲ್ಲ. ಎದುರುಗಡೆ ಮಾತ್ರ ಜಗಮಗ ಅಂತಿದೆ.

"ಈಗ ಬರುತ್ತೆ ಸಾರ್, ಕೂತ್ಕೊಳ್ಳಿ" ಅಂದೆ.

"ಇಲ್ಲಿ ಸೆಕೆ ಕಣ್ರೀ. ಎದುರುಗಡೆ ಕೂತಿರ್ತೀನಿ, ಕರೆಂಟ್ ಬಂದ್ರೆ ಒಂದು ಕೂಗು ಹಾಕಿ."

ಕರೆಂಟ್ ಬಂತು, ಕೂಗಿದೆ. ಅಲ್ಲಿಂದಲೇ ಉತ್ತರ ಬಂತು: "ತಡೀರಿ, ಕಾಫಿ ತರಿಸಿದಾರೆ!"

೨. ಬೀಗ

ನಮ್ಮ ಬೀದಿಯ ಟ್ಯೂಷನ್ ಮೇಷ್ಟ್ರಿಗೆ ತಮ್ಮ ಪ್ರಶ್ನೆಪತ್ರಿಕೆ ತಮ್ಮ ಹುಡುಗರಿಗೆ ಮಾತ್ರ ಕಾಣಬೇಕಿತ್ತು. ಅವರು ತಗೊಂಡಿದ್ದ ಅಗ್ಗದ ಹೋಸ್ಟಿಂಗ್‌ನಲ್ಲಿ ಪಾಸ್‌ವರ್ಡ್ ಬಚ್ಚಿಡೋಕೆ ಡೇಟಾಬೇಸ್ ಇರಲಿಲ್ಲ. ಅದಕ್ಕೇನಂತೆ ಅಂತ ಪಾಸ್‌ವರ್ಡನ್ನ ಪೇಜಿನ ಕೋಡ್ ಒಳಗೇ ಬರೆದು ಲಾಗಿನ್ ಮಾಡಿಕೊಟ್ಟೆ. ಭಲೇ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ವಾರದಲ್ಲೇ ಮೇಷ್ಟ್ರು ಏದುಸಿರು ಬಿಡ್ತಾ ಬಂದ್ರು. "ಏನ್ರೀ ಇದು! ರೈಟ್ ಕ್ಲಿಕ್ ಮಾಡಿ 'ವ್ಯೂ ಸೋರ್ಸ್' ಒತ್ತಿದ್ರೆ ಪೇಜಿನ ಕೋಡೆಲ್ಲಾ ಕಾಣುತ್ತೆ, ಪಾಸ್‌ವರ್ಡ್ ಅಲ್ಲೇ ಕೂತಿದೆ! ಬೀಗ ಹಾಕಿ ಕೀನ ಬಾಗಿಲಿಗೇ ನೇತುಹಾಕಿದೀರಲ್ರೀ!"

"ನಿಮಗೆ ಯಾರು ಸಾರ್ ಇದೆಲ್ಲಾ ಹೇಳಿಕೊಟ್ಟಿದ್ದು?"

"ಎದುರಂಗಡಿಯವರು. ಪಾಪ, ಕಾಫಿ ಕುಡಿಸಿ ತೋರಿಸಿದ್ರು."

೩. ದೊಡ್ಡ ಮನಸ್ಸು

ಬಸವೇಶ್ವರನಗರದಲ್ಲಿ ಮದುವೆ ಬ್ಯೂರೋ ನಡೆಸೋ ಆಂಟಿಗೆ ಸೈಟು ಬೇಕಾಗಿತ್ತು. ಹುಡುಗ ಹುಡುಗೀರ ಫೋಟೋ ಸದಸ್ಯರಿಗೆ ಮಾತ್ರ ಕಾಣಬೇಕು, ಅದಕ್ಕೊಂದು ಲಾಗಿನ್. ನನಗೂ ಎದುರಂಗಡಿಯವನಿಗೂ ಒಂದೊಂದು ಸ್ಯಾಂಪಲ್ ಮಾಡಿ, ಚೆನ್ನಾಗಿ ಮಾಡಿದೋರಿಗೆ ಕೆಲಸ ಅಂದ್ರು. ಈ ಕೆಲಸ ಒಂದು ಸಿಕ್ಕಿಬಿಟ್ರೆ ಅವನ ಮುಂದೆ ಎದೆ ಸೆಟೆಸಿ ಓಡಾಡಬಹುದು ಅಂತ ನಿದ್ದೆಗೆಟ್ಟು ಮಾಡಿದೆ. ಪಾಸ್‌ವರ್ಡ್ ಸರಿಯಾಗಿ ಹೊಡೆದ್ರೆ ಒಂದು ಸ್ವಾಗತದ ಪೇಜು ತೆರೆಯುತ್ತೆ, ಅದರಲ್ಲಿ ನನ್ನ ಫೋಟೋ, ಅಂಗಡಿ ಹೆಸರು. ಸಂಜೆಯೇ ಇಂಟರ್ನೆಟ್ಟಿಗೆ ಏರಿಸಿದೆ.

ಮಾರನೇ ದಿನ ಆಂಟಿ ಮನೇಲಿ ಇಬ್ಬರೂ ಹಾಜರ್. ನಂದು ನೋಡಿ "ಪರವಾಗಿಲ್ಲ" ಅಂದ್ರು. ಆಮೇಲೆ ಅವನದ್ದು ತೆರೆದ್ರು. ಬಣ್ಣ ಬೇರೆ, ಉಳಿದಿದ್ದೆಲ್ಲಾ ನಂದೇ! ಅದೇ 'ವ್ಯೂ ಸೋರ್ಸ್' ಒತ್ತಿ ಪೂರ್ತಿ ಇಳಿಸಿಕೊಂಡಿದ್ದ ಖದೀಮ. ಆಂಟಿ ಪಾಸ್‌ವರ್ಡ್ ಹೊಡೆದ್ರು. ಕೋಡಿನಲ್ಲಿದ್ದ ನನ್ನ ಸ್ವಾಗತದ ಪೇಜಿನ ವಿಳಾಸ ಬದಲಾಯಿಸೋದು ಮರೆತಿದ್ದ ಅಂತ ಕಾಣುತ್ತೆ, ಅವನ ಸೈಟಿನಿಂದ ನನ್ನ ಮುಖ ಬಂದು ನಿಂತಿತು, ಹಲ್ಲು ಕಿರಿದುಕೊಂಡು.

ಸಿಕ್ಕಿಬಿದ್ದ ಮಗಾ ಅಂತ ಒಳಗೊಳಗೇ ಕುಣಿದೆ. ಅವನು ಬೆವರಿದ. ಆಂಟಿ ಕನ್ನಡಕ ಏರಿಸಿ ನೋಡಿ, "ಅಯ್ಯೋ, ಪೈಪೋಟಿ ಅಂಗಡಿಯವನ ಫೋಟೋ ಹಾಕಿ ಪ್ರಚಾರ ಕೊಟ್ಟಿದಾನಲ್ಲ! ಎಂಥಾ ದೊಡ್ಡ ಮನಸ್ಸು! ಕೆಲಸ ಇವನಿಗೇ" ಅಂದುಬಿಟ್ರು.

"ಆಂಟಿ, ಅದು ನನ್ನ ಕೋಡು! ಕದ್ದಿದಾನೆ!" ಅಂತ ಕಿರುಚಿದೆ.

ಆಂಟಿ ನನ್ನ ಬೆನ್ನು ಸವರಿದ್ರು. "ಇಷ್ಟೊಂದು ಹೊಟ್ಟೆಕಿಚ್ಚು ಒಳ್ಳೇದಲ್ಲ ಕಣಪ್ಪ. ಅವನು ನಿನ್ನ ಫೋಟೋ ಹಾಕಿದಾನೆ. ನೀನು ಅವನದ್ದು ಒಂದಾದ್ರೂ ಹಾಕಿದೀಯಾ?"