ನಂಜುಂಡಯ್ಯನ ಗಂಟು

ಇಷ್ಟಕ್ಕೆಲ್ಲ ಕಾರಣ ಅಂಗಳದ ಅರ್ಧ ಜಾಗ. ಅಲ್ಲಿ ನಂಜುಂಡಯ್ಯನ ಎತ್ತಿನಗಾಡಿ ಇಪ್ಪತ್ತು ವರ್ಷದಿಂದ ಮೂಗು ನೆಲಕ್ಕೂರಿ ಕೂತಿತ್ತು, ಹೊರಡುವ ಮಾತೇ ಆಡದ ನೆಂಟನ ಹಾಗೆ.

"ಮೆಣಸು ಒಣಗ್ಸಕ್ಕೆ ಜಾಗ ಇಲ್ಲ. ಎತ್ತು ಸತ್ತೋದ್ರೂ ಗಾಡಿ ಮೈ ಸವರೋದು ನಿಂತಿಲ್ಲ ನಿಮ್ದು!" ಎಂದು ಹೆಂಡತಿ ಜಗದಾಂಬ ಅಂದೂ ಅಂದೂ, ಕಡೆಗೆ ಗುಡ್ಡದ ಮೇಲಿನ ಹೋಂಸ್ಟೇ ಮಾಲೀಕ ನವೀನ್‌ಕುಮಾರನಿಗೆ ಗಾಡಿ ಕೊಡುವುದಾಗಿ ಮಾತು ಕೊಟ್ಟೇಬಿಟ್ಟಳು. ಗೇಟಿನ ಮುಂದೆ ಚಂದಕ್ಕೆ ನಿಲ್ಲಿಸುತ್ತಾನಂತೆ.

ಮರುದಿನ ಬೆಳಿಗ್ಗೆ, ಊರಲ್ಲಿ ಟ್ರ್ಯಾಕ್ಟರ್ ಓಡಿಸುವ ಹುಡುಗ ಅಯಾಜ್ ಹೊಸ ಟ್ರೈಲರ್ ಕಟ್ಟಿಕೊಂಡು ಬಂದ. ಗಾಡಿ ಹತ್ತಿಸಿ ಬಿಗಿದದ್ದಾಯಿತು.

"ನೋಡು ತಾತ, ಕೊಂಡಿ ಕಳಚ್ಕೊಂಡ್ರೆ ಈ ಚೈನು ಹಿಡ್ಕೊಳ್ತದೆ. ಚೈನೂ ಕಿತ್ತೋದ್ರೆ ಈ ವೈರು ಎಳೆದು ಟ್ರೈಲರ್ ಬ್ರೇಕ್ ತಾನೇ ಬೀಳ್ತದೆ. ಎರಡನ್ನೂ ಟ್ರ್ಯಾಕ್ಟರಿಗೆ ಸಿಗಿಸಿದೀನಿ."

ನಂಜುಂಡಯ್ಯ ನೊಗ ಸವರುತ್ತಿದ್ದ. ಹೆತ್ತೂರಿನಿಂದ ಸಕಲೇಶಪುರಕ್ಕೆ ಮೂವತ್ತು ವರ್ಷ ಕಾಫಿ ಮೂಟೆಯ ಗಾಡಿ ಹೊಡೆದವನು. ಎಂಥ ಏರಿನಲ್ಲೂ ಒಮ್ಮೆಯೂ ಗಾಡಿ ಹಿಂದಕ್ಕೆ ಬಿಟ್ಟವನಲ್ಲ. ಊರಲ್ಲಿ ಅವನಿಗಿದ್ದ ಆಸ್ತಿಯೆಂದರೆ ಅದೊಂದು ಹೆಸರು. ಅಯಾಜನ ಮಾತು ಕಿವಿಗೆ ಬಿತ್ತು, ಒಳಕ್ಕೆ ಇಳಿಯಲಿಲ್ಲ.

ಅಯಾಜ್ ಕಾಫಿಗೆಂದು ಜಗಲಿ ಹತ್ತಿದ. ನಂಜುಂಡಯ್ಯನ ಕಣ್ಣಿಗೆ ಜೋತಾಡುವ ಚೈನು, ವೈರು ಬಿದ್ದವು. ಜೋತ ಹಗ್ಗ ಎತ್ತಿನ ಕಾಲಿಗೆ ಸುತ್ತುತ್ತದೆ ಎಂದು ಅಪ್ಪ ಕಲಿಸಿದ್ದ. ಎರಡನ್ನೂ ಟ್ರ್ಯಾಕ್ಟರಿಂದ ಬಿಡಿಸಿ, ಟ್ರೈಲರಿನ ಮೂತಿಗೇ ಸುತ್ತಿ, ತುಂಡು ಹಗ್ಗದಲ್ಲಿ, ಗಾಡಿ ಹೊಡೆಯುವವರಿಗಷ್ಟೇ ಬಿಚ್ಚಲು ಬರುವ ಗಂಟು ಹಾಕಿ ಅಚ್ಚುಕಟ್ಟು ಮಾಡಿದ.

ಕಾಫಿ ಕುಡಿದು ಬಂದ ಅಯಾಜ್ ಮತ್ತೆ ಕೊಂಡಿಯತ್ತ ನೋಡದೆ ಟ್ರ್ಯಾಕ್ಟರ್ ಹೊರಡಿಸಿದ. ಗುಡ್ಡದ ಏರು ಶುರುವಾಯಿತು. ನಂಜುಂಡಯ್ಯ ಹಳೇ ಪದ್ಧತಿಯಂತೆ ಗಾಡಿ ಹಿಂದೆ ಜಾರದಂತೆ ಗಾಲಿಗೆ ಒತ್ತುಕೊಡುವ ಹಲಸಿನ ಮರದ ತುಂಡು ಹಿಡಿದು ಟ್ರೈಲರಿನ ಪಕ್ಕದಲ್ಲೇ ನಡೆದ. ಹಿಂದೆ ಸ್ಕೂಟರಿನಲ್ಲಿ ಪಕ್ಕದ ಮನೆಯ ವೀರಭದ್ರಯ್ಯ.

"ಏನ್ ನಂಜುಂಡ, ಟ್ರ್ಯಾಕ್ಟರ್‌ಗೂ ಮರದ ತುಂಡಾ? ಹುಲ್ಲೂ ತಂದಿದೀಯೇನೋ ಮಾರಾಯ?"

"ನೀನು ದೂರ ಇರು ಕಣೋ. ಏರಲ್ಲಿ ಗಾಡಿ ಹಿಂದೆ ನಿಲ್ಲಬಾರದು."

"ಹೋಗೋ, ಇದೇನು ನಿನ್ನ ಕಾಲವಾ?"

ಅಷ್ಟರಲ್ಲಿ ರಸ್ತೆಯಲ್ಲೊಂದು ಗುಂಡಿ ಬಂತು. ಟ್ರ್ಯಾಕ್ಟರ್ ಕುಪ್ಪಳಿಸಿತು, ಕೊಂಡಿಯ ಪಿನ್ನು ಎಗರಿತು. ಟ್ರ್ಯಾಕ್ಟರ್ ಹಗುರಾಗಿ ಮುಂದೆ ಹೋಯಿತು. ಟ್ರೈಲರ್ ಒಂದು ಗಳಿಗೆ ಯೋಚಿಸಿ ಹಿಂದಕ್ಕೆ ಹೊರಟಿತು.

"ಅಯ್ಯಯ್ಯೋ ಬಂತು!" ವೀರಭದ್ರಯ್ಯ ಸ್ಕೂಟರ್ ಬಿಟ್ಟು, ಚಪ್ಪಲಿ ಬಿಟ್ಟು, ಕಾಫಿ ಗಿಡದೊಳಗೆ ಹಾರಿದ.

ನಂಜುಂಡಯ್ಯನ ಮನಸ್ಸು ಏನಾಯಿತೆಂದು ತಿಳಿಯುವ ಮೊದಲೇ ಕೈ ತುಂಡನ್ನು ಗಾಲಿಗೆ ಒತ್ತಿತ್ತು. ಗಾಲಿ ತುಂಡಿನ ಮೇಲೆ ಅರ್ಧ ಹತ್ತಿ, ನಿಟ್ಟುಸಿರುಬಿಟ್ಟು ನಿಂತಿತು. ಸ್ಕೂಟರಿಗೂ ಟ್ರೈಲರಿಗೂ ಒಂದು ಗೇಣು.

ಗದ್ದಲ ಕೇಳಿ ಹೋಂಸ್ಟೇಯಿಂದ ನವೀನ್‌ಕುಮಾರ್, ಎಸ್ಟೇಟಿನ ಕೂಲಿ ಲೈನಿನಿಂದ ಹತ್ತಾರು ಜನ ಬಂದರು. ವೀರಭದ್ರಯ್ಯ ತನ್ನ ಟವೆಲನ್ನೇ ನಂಜುಂಡಯ್ಯನಿಗೆ ಹೊದಿಸಿದ. "ಪ್ರಾಣ ಉಳಿಸ್ಬುಟ್ಟ ಕಣ್ರೀ! ಹಳೇ ಕೈ ಅಂದ್ರೆ ಇದು!"

"ಆ ತುಂಡೂ ನನಗೇ ಬೇಕು, ಗಾಡಿ ಪಕ್ಕದಲ್ಲಿ ನೇತುಹಾಕ್ತೀನಿ," ಎಂದ ನವೀನ್‌ಕುಮಾರ್. ಹೊಗಳಿಕೆಯ ಅಮಲಿನಲ್ಲಿ ನಂಜುಂಡಯ್ಯ ಹೂಂ ಅಂದುಬಿಟ್ಟ.

ಟ್ರೈಲರಿನ ಗಾಲಿಗೆ ಕಲ್ಲು ಕೊಟ್ಟು, ಮತ್ತೆ ಕೊಂಡಿ ಸಿಗಿಸಲು ಬಗ್ಗಿದ ಅಯಾಜ್ ಬೊಬ್ಬೆ ಹೊಡೆದ. "ಚೈನು, ವೈರು ಎರಡನ್ನೂ ಟ್ರೈಲರಿಗೇ ಯಾರೋ ಕಟ್ಬುಟ್ಟವ್ರೆ! ಅದಕ್ಕೇ ಬ್ರೇಕ್ ಬಿದ್ದಿಲ್ಲ. ಯಾವ ಬೇಕೂಫನ ಕೆಲಸ ಇದು?"

"ಬೇಕೂಫನೇ ಸೈ!" ಎಂದು ನಂಜುಂಡಯ್ಯನೂ ದನಿಗೂಡಿಸಿದ. ಅವನಿಗೆ ಬೆಳಗಿನ ಕೆಲಸ ಮರೆತೇ ಹೋಗಿತ್ತು.

ಗಂಟು ಬಿಚ್ಚಲು ಅಯಾಜ್ ಉಗುರು ಹಾಕಿದ. ವೀರಭದ್ರಯ್ಯ ಹಲ್ಲು ಹಾಕಿದ. ನವೀನ್‌ಕುಮಾರ್ ಸ್ಕ್ರೂಡ್ರೈವರ್ ತಂದ. ಗಂಟು ಮಿಸುಕಲಿಲ್ಲ.

ಮೂವತ್ತು ವರ್ಷ ಗಾಡಿ ಹೊಡೆದವನಿಗೆ ಇದು ತಡೆಯಲಾಗಲಿಲ್ಲ. "ಸರೀರೋ ಅತ್ಲಾಗೆ!" ಎಂದು ಮುಂದೆ ಬಂದು, ಕಣ್ಣೂ ಹಾಯಿಸದೆ, ಎರಡೇ ಬೆರಳಲ್ಲಿ ಒಂದು ಎಳೆ ಎಳೆದ. ಗಂಟು ಹೂವಿನಂತೆ ಬಿಚ್ಚಿಕೊಂಡಿತು.

ಎಲ್ಲರ ಕಣ್ಣೂ ಗಂಟಿನಿಂದ ಅವನ ಬೆರಳಿಗೆ ಹೋಯಿತು. ಆಗ ನಂಜುಂಡಯ್ಯನಿಗೂ ನೆನಪಾಯಿತು.

"ನಂಜುಂಡ," ಎಂದ ವೀರಭದ್ರಯ್ಯ ಮೆಲ್ಲಗೆ, "ಆ ಟವೆಲ್ ಇತ್ಲಾಗೆ ಕೊಡು."

ಗಾಡಿ ಗೇಟಿನ ಮುಂದೆ ನಿಂತಿತು, ತುಂಡು ಅದರ ಪಕ್ಕ ನೇತಾಡಿತು. ಗುಡ್ಡ ಇಳಿಯುವಾಗ ಅಯಾಜ್ ಕರೆದ: "ಹತ್ತು ತಾತ, ಟ್ರೈಲರ್ ಖಾಲಿ ಐತೆ. ಏನನ್ನೂ ಮುಟ್ಟಬೇಡ, ಅಷ್ಟೆ."

"ಬೇಡ ಕಣಪ್ಪ. ಹಿಂದೆ ನಡ್ಕೊಂಡೇ ಬತ್ತೀನಿ."

ಅಭ್ಯಾಸದಂತೆ ನಡೆದ. ಕೈ ಮಾತ್ರ, ಇಲ್ಲದ ತುಂಡನ್ನು ಹಿಡಿದಂತೆ, ದಾರಿಯುದ್ದಕ್ಕೂ ಮಡಚಿಕೊಂಡೇ ಇತ್ತು.