ಹನ್ನೆರಡು ಬೇರಿಂಗು, ಒಂದು ಕುಚ್ಚು ಮೀನು

ಕುಚ್ಚು ಮೀನು ಹಿಡಿಯುವುದು ಒಂದು ವಿದ್ಯೆ. ವಿದ್ಯೆ ಎಂದ ಮೇಲೆ ಅದಕ್ಕೊಂದು ಪಠ್ಯ ಇರಲೇಬೇಕು. ಪಠ್ಯ ಇದ್ದರೆ ಅದನ್ನು ಈ ಸತೀಶ ಓದಿ ಪಾಸಾಗದೆ ಬಿಡುವುದುಂಟೇ? ನಮ್ಮ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ಎಂಬ ಘಟ್ಟ ಹತ್ತಿ ಆಚೆ ಇಳಿದವನು ನಾನೊಬ್ಬನೇ! ಬಿ.ಎಸ್ಸಿ., ಬಿ.ಎಡ್., ಎರಡರಲ್ಲೂ ಪ್ರಥಮ ದರ್ಜೆ. ಈಗ ಶಿರಸಿಯ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಇಂಥವನಿಗೆ ಒಂದು ಮೀನು ಯಾವ ಲೆಕ್ಕ?

ಆದ್ದರಿಂದಲೇ ಮಾವನ ಮನೆಯ ಜಗಲಿಯಲ್ಲಿ ಹತ್ತು ಜನರೆದುರು ಎದೆ ಉಬ್ಬಿಸಿ ಹೇಳಿಬಿಟ್ಟೆ: "ಬಯಕೆ ಊಟಕ್ಕೆ ಕುಚ್ಚು ಮೀನು ನಾನೇ ಹಿಡಿಯುತ್ತೇನೆ! ಮೊಳದುದ್ದದ್ದು!"

ವಿಷಯ ಇಷ್ಟು. ನನ್ನ ಹೆಂಡತಿ ಅನುಶ್ರೀಗೆ ಏಳು ತಿಂಗಳು. ಅವಳಿಗೆ ಹುಣಸೆ ಬೇಡ, ಮಾವಿನಕಾಯಿ ಬೇಡ. ತವರಿನ ಕೆರೆಯ ಕುಚ್ಚು ಮೀನಿನ ಸಾರು ಬೇಕು. ಅವಳ ತವರು ಯಲ್ಲಾಪುರದ ನಂದೊಳ್ಳಿ ಕಡೆ. ಆ ಮನೆಯ ಪದ್ಧತಿ ಪ್ರಕಾರ ಬಯಕೆಯ ಮೀನು ಪೇಟೆಯಿಂದ ಬರುವಂತಿಲ್ಲ, ಗಂಡನ ಕೈಯಿಂದಲೇ ಬರಬೇಕು. ಬೇಸಿಗೆಯಲ್ಲಾದರೆ ಚಿಂತೆಯಿರಲಿಲ್ಲ. ನೀರಿಳಿದ ಮೇಲೆ ಕೆರೆಬೇಟೆ ಆಗುತ್ತದೆ. ಊರಿಗೆ ಊರೇ ಬಿದಿರಿನ ಬುಟ್ಟಿಯಂಥ ಕೂಣಿ ಹಿಡಿದು ಕೆರೆಗೆ ಬಿದ್ದು, ಕೆಸರಿನಲ್ಲಿ ಕವುಚಿ ಮೀನು ಹಿಡಿಯುತ್ತದೆ. ಅಲ್ಲಿಯತನಕ ಕೆರೆಗೆ ಯಾರೂ ಇಳಿಯಬಾರದು, ಬಲೆ ಹಾಕಬಾರದು. ದಡದಿಂದ ಗಾಳ ಹಾಕಲಿಕ್ಕೆ ಮಾತ್ರ ಊರಿನ ಒಪ್ಪಿಗೆ. ಹಾವಿನ ತಲೆ, ಒನಕೆಯ ಮೈಯ ಆ ಕುಚ್ಚು ಮಹಾಶಯನೋ, ಕೆರೆಯ ನಟ್ಟನಡುವೆ ತಾವರೆ ಎಲೆಯ ಚಪ್ಪರದಡಿ ಮಲಗಿರುತ್ತಾನೆ. ಬಿದಿರು ಕೋಲಿನ ಗಾಳ ಅಲ್ಲಿಗೆಲ್ಲಿ ಮುಟ್ಟೀತು?

"ಬೈಕ್ ತಕಂಡು ಅಂಕೋಲೆಗೆ ಹೋಗಿ ಬಂಗಡೆ ತಂದ್ರೂ ನಾ ಬೇಡ ಹೇಳೂದಿಲ್ಲ" ಎಂದಳು ಅನುಶ್ರೀ, ನನ್ನ ಮಾನ ಉಳಿಸಲು.

"ವಿಜ್ಞಾನ ಇರುವುದು ಎಂತಕ್ಕೆ?" ಎಂದೆ ನಾನು.

ಇಸಳೂರಿನ ನಮ್ಮ ಬಾಡಿಗೆ ಮನೆಗೆ ವಾಪಸು ಬಂದವನೇ ಇನ್ನೂರು ಪುಟದ ಹೊಸ ನೋಟ್‌ಬುಕ್ಕಿಗೆ ಬೈಂಡು ಹಾಕಿದೆ. ಮೊದಲ ಪುಟದಲ್ಲಿ 'ಶ್ರೀ', ಕೆಳಗೆ ಕೆಂಪು ಶಾಯಿಯಲ್ಲಿ 'ಬೇಟ್‌ಕಾಸ್ಟರ್ ರೀಲ್: ಆಯ್ಕೆ ಮತ್ತು ಜೋಡಣೆ'. ಮೊಬೈಲಿನಲ್ಲಿ ನೋಡಿದ ವೀಡಿಯೋಗಳಿಗೆ ಲೆಕ್ಕವಿಲ್ಲ. ಹೊರದೇಶದವರು 'ಬಾಸ್' ಎಂಬ ಮೀನು ಹಿಡಿಯಲು ಗಾಳದ ದಾರ ಸುತ್ತಿಡುವ ಈ ರೀಲ್ ಬಳಸುತ್ತಾರೆ. ಆ ಮೀನೂ ನಮ್ಮ ಕುಚ್ಚಿನ ಹಾಗೆಯೇ ಎಲೆಯಡಿ ಅಡಗಿ, ಮೇಲೆ ಬಂದ ಕಪ್ಪೆಯನ್ನು ಗಬಕ್ಕನೆ ನುಂಗುವ ಜಾತಿ. ಆಹಾ, ಆ ರೀಲ್‌ಗಳ ಅಂದವೇನು! ಸಾದಾ ರೀಲ್ ಕೋಲಿನ ಕೆಳಗೆ ಬಾವಲಿಯ ಹಾಗೆ ನೇತಾಡಿದರೆ, ಇದು ಕೋಲಿನ ಮೇಲೆ ಆನೆಯ ಮೇಲಿನ ಅಂಬಾರಿಯ ಹಾಗೆ ಕೂರುತ್ತದೆ. ಎಸೆದಾಗ ಒಳಗಿನ ದಾರದ ಉರುಳೆ ತಾನೇ ಗಿರಗಿರನೆ ತಿರುಗಿ ದಾರ ಬಿಡುತ್ತದೆ. ನೋಡುತ್ತಾ ನೋಡುತ್ತಾ ನನ್ನ ಚಹಾ ಎಷ್ಟು ಸಲ ತಣಿಯಿತೋ!

ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಉಲ್ಲಾಸ ಹೊಳೆಯಲ್ಲಿ ಮೀನು ಹಿಡಿದು ಪಳಗಿದವರು. ಅವರು ಕಿವಿಮಾತು ಹೇಳಿದರು: "ಸತೀಶ್ ಸರ್, ಮೊದಲನೇ ಸಲಕ್ಕೆ ಇದು ಬೇಡ. ಸಾದಾ ರೀಲ್ ತಗೊಳ್ಳಿ. ಈ ಉರುಳೆ ಹೆಬ್ಬೆರಳಿನ ಮಾತು ಮಾತ್ರ ಕೇಳ್ತದೆ. ಬೆರಳು ಪಳಗದಿದ್ದರೆ ಒಳಗೆ ಗುಬ್ಬಿ ಗೂಡು ಕಟ್ತದೆ."

"ಉಲ್ಲಾಸರೇ, ತಿರುಗುವ ವಸ್ತು ತಿರುಗುತ್ತಲೇ ಇರುತ್ತದೆ ಎಂಬ ಜಡತ್ವ ನಿಯಮವನ್ನು ಹನ್ನೊಂದು ವರ್ಷದಿಂದ ನಾನು ಪಾಠ ಮಾಡುತ್ತಿದ್ದೇನೆ!"

"ಪಾಠ ಮಾಡೋದು ಬೇರೆ ಸರ್" ಎಂದು ಅವರು ಕುಂಚ ತೊಳೆಯಲು ಎದ್ದರು.

ಆಯ್ಕೆಗೇ ಒಂದು ವಾರ ಹೋಯಿತು. ಬೇರಿಂಗ್ ಆರು ಇರಬೇಕೋ ಹನ್ನೆರಡೋ? ಹಿಡಿಕೆ ಎಡಕ್ಕೋ ಬಲಕ್ಕೋ? ಹಿಡಿಕೆಯ ಒಂದು ಸುತ್ತಿನಲ್ಲಿ ಉರುಳೆ ಆರು ಸಲ ತಿರುಗಬೇಕೋ ಏಳು ಸಲವೋ? ಎಡಬಲದ ಪ್ರಶ್ನೆ ಒಂದಕ್ಕೇ ಮೂರು ದಿನ, ನಾಲ್ಕು ಪುಟ.

ಅನುಶ್ರೀ ಸೊಂಟಕ್ಕೆ ಕೈಕೊಟ್ಟು ನಿಂತಳು. "ನನ್ನ ನೋಡೂಕೆ ಬಂದಾಗ ಅವಲಕ್ಕಿ ಮುಗಿಯೂ ಮುಂಚೆ ಹೂಂ ಅಂದಿದ್ರಿ. ಆವಾಗ ಈ ಪಟ್ಟಿ ಎಲ್ಲ ಎಲ್ಲಿತ್ತು?"

"ನಿನಗೆ ಬೇರಿಂಗ್ ಇರಲಿಲ್ಲವಲ್ಲ ಮಾರಾಯ್ತಿ!"

"ಬ್ರೇಕೂ ಇಲ್ಲ. ನೆನಪಿರ್ಲಿ!"

ಕೊನೆಗೆ ಹನ್ನೆರಡು ಬೇರಿಂಗಿನ, ಎಡ ಹಿಡಿಕೆಯ ರೀಲ್ ಬಂತು. ಏಳಡಿ ಕೋಲು, ನೂರು ಮೀಟರ್ ಹೆಣೆದ ದಾರ, ಹೊಟ್ಟೆಯಡಿ ಎರಡು ಕೊಕ್ಕೆ ಅಡಗಿಸಿಕೊಂಡ ಹಸಿರು ರಬ್ಬರ್ ಕಪ್ಪೆ. ಪೆಟ್ಟಿಗೆಯಿಂದ ರೀಲ್ ತೆಗೆದು ಅಂಗೈಯಲ್ಲಿ ಇಟ್ಟುಕೊಂಡೆ. ಮೊದಲ ಸಲ ಕಾಲೇಜಿನ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕ ಮುಟ್ಟಿದಾಗಲೂ ಹೀಗೇ ಮೈ ಜುಂ ಅಂದಿತ್ತು.

ರೀಲಿನ ಜೊತೆ ಬಂದ ಪುಸ್ತಕದಲ್ಲಿದ್ದಂತೆ ದಾರ ಸುತ್ತಿದೆ, ಅಂಚಿಗೆ ಎರಡು ಮಿಲಿಮೀಟರ್ ಬಿಟ್ಟು. ಸ್ಕೇಲ್ ಇಟ್ಟು ಅಳೆದೆ. ಪಕ್ಕದ ಗುಬುಟನ್ನು ಬಿಗಿ ಮಾಡಿದೆ; ಕಪ್ಪೆ ಮೆಲ್ಲಗೆ ಇಳಿದು ನೆಲ ಮುಟ್ಟಿದೊಡನೆ ಉರುಳೆ ನಿಲ್ಲಬೇಕು, ನಿಂತಿತು! ಇನ್ನು ಬ್ರೇಕು. ಸೊನ್ನೆಯಿಂದ ಹತ್ತರವರೆಗೆ ಅಂಕಿ. 'ಹೊಸಬರು ಹತ್ತರಲ್ಲಿ ಇಡುವುದು' ಎಂದಿತ್ತು. ಹೊಸಬರು! ಪ್ರಥಮ ದರ್ಜೆಯವನಿಗೆ ಹತ್ತು ಅವಮಾನವಲ್ಲವೇ? ಮೂರಕ್ಕೆ ಇಟ್ಟೆ.

ಅಂಗಳದ ಆ ತುದಿಯಲ್ಲಿ ಬಕೆಟ್ ಇಟ್ಟು, ಗುರಿ ಹಿಡಿದು, ಬೀಸಿದೆ. ಕಪ್ಪೆ ನಾಲ್ಕು ಮಾರು ಹೋಗಿ ತೊಪ್ಪನೆ ಬಿತ್ತು. ಉರುಳೆ ಮಾತ್ರ ನಿಲ್ಲಲಿಲ್ಲ. ತಿರುಗುವ ವಸ್ತು ತಿರುಗುತ್ತಲೇ ಇರುತ್ತದೆ! ಒಂದು ಕ್ಷಣದಲ್ಲಿ ರೀಲಿನ ಹೊಟ್ಟೆಯಿಂದ ದಾರ ಉಕ್ಕಿ, ಸುತ್ತಿ, ಗಂಟಾಗಿ ಗೂಡು ಕಟ್ಟಿತು. ಗುಬ್ಬಿಯೊಂದು ಬಂದು ಮೊಟ್ಟೆ ಇಡುವುದು ಮಾತ್ರ ಬಾಕಿ. ಕತ್ತರಿ ತಂದು ಕತ್ತರಿಸಿದೆ. ಮತ್ತೆ ಬೀಸಿದೆ, ಮತ್ತೆ ಗೂಡು. ವಾರ ಕಳೆಯುವಷ್ಟರಲ್ಲಿ ಐದು ಗೂಡು. ನೂರು ಮೀಟರ್ ದಾರ ಐವತ್ತಕ್ಕೆ ಇಳಿಯಿತು.

ಆರನೆಯ ಸಲ ಸಿಟ್ಟಿನಲ್ಲಿ ಬೀಸಿದೆ ನೋಡಿ, ಕಪ್ಪೆ ಸುಂಯ್ಯೆಂದು ಹಾರಿತು! ಎಂಥ ಹಾರಾಟ! ಬಕೆಟ್ ದಾಟಿತು, ಪೇರಲ ಗಿಡ ದಾಟಿತು, ಕಾಂಪೌಂಡ್ ದಾಟಿ ಪಕ್ಕದ ಮನೆಗೇ ಹೋಯಿತು. ದಾರ ಬಿಗಿಯಾಯಿತು. ವೀಡಿಯೋದಲ್ಲಿ ಏನು ಹೇಳಿದ್ದರು? 'ದಾರ ಬಿಗಿದ ಕೂಡಲೇ ಜಗ್ಗಿ!' ಕೈ ತಾನಾಗಿಯೇ ಜಗ್ಗಿತು.

ಕಾಂಪೌಂಡಿನ ಮೇಲೆ ಬಿಳಿ ಮೋಡವೊಂದು ಎದ್ದು ಬಂತು. ಅದು ಕಪ್ಪೆಯ ಕೊಕ್ಕೆಗೆ ಸಿಕ್ಕ ಹಳೇ ಧೋತರ. ಅದರ ಮೇಲೆ ಒಣಹಾಕಿದ್ದ ಇನ್ನೂರು ಸಂಡಿಗೆ ಆಲಿಕಲ್ಲಿನ ಹಾಗೆ ನನ್ನ ತಲೆಯ ಮೇಲೆ ಸುರಿಯಿತು.

"ಅಯ್ಯ ಶಿವನ! ಸರ್ರ, ಏನ್ರೀ ಇದು? ನನ್ ಸಂಡಿಗ್ಯಾಗ ಕಪ್ಪಿ!"

ಗೋಡೆಯಾಚೆ ಗುರುಶಾಂತವ್ವನವರ ಮುಖ ಮೂಡಿತು. ಬನವಾಸಿ ಕಡೆಯವರು, ನಮ್ಮ ಮನೆಯಲ್ಲಿ ಮೀನು ಬೆಂದರೆ ಮೆಲ್ಲಗೆ ಕಿಟಕಿ ಹಾಕಿಕೊಳ್ಳುವವರು. ಆದರೂ ಅನುಶ್ರೀ ಮೇಲೆ ಮಗಳಷ್ಟು ಅಕ್ಕರೆ.

"ಅದು ರಬ್ಬರಿನದು, ಗುರುಶಾಂತವ್ವ! ಜೀವ ಇಲ್ಲ!"

"ರಬ್ಬರಿಂದಾದ್ರೇನ್ರಿ, ಕಪ್ಪಿ ಕಪ್ಪೀನ! ನಿಮ್ಮ ಹೆಂಡ್ತಿ ಬಯಕಿಗಂತ ಹಾಕಿದ್ದೆ. ಇನ್ನ ಇದನ್ನ ಯಾರ್ ತಿನ್ನಬೇಕು? ಬರ್ರಿ ಈ ಕಡೆ, ಬಂದು ಒರಳ ತಿರುವ್ರಿ!"

ಆ ಭಾನುವಾರ ಇಡೀ ಹಗಲು ನಾನು ಸಂಡಿಗೆ ಒತ್ತಿದೆ. ಕಿಟಕಿಯಲ್ಲಿ ನಿಂತ ಅನುಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ನೋಡಿ ಹೆದರಿಕೆಯೇ ಆಯಿತು. "ನಗ್ಬೇಡ, ಏಳು ತಿಂಗಳು!" ಎಂದು ಕೂಗಿದೆ. "ಒಳಗಿದ್ದದ್ದೂ ನಗ್ತಾ ಅದೆ! ನಾ ಎಂತ ಮಾಡ್ಲಿ?" ಎಂದಳು.

ಮುಂದಿನ ಭಾನುವಾರವೇ ಬಯಕೆ. ಶನಿವಾರ ಸಂಜೆ ಕೋಲು, ರೀಲು, ನೋಟ್‌ಬುಕ್ಕು, ಹೆಂಡತಿ ಸಮೇತ ಯಲ್ಲಾಪುರದ ಬಸ್ ಹತ್ತಿದೆ. ಬೆಳಿಗ್ಗೆ ಏಳಕ್ಕೆ ಕೆರೆ ದಂಡೆಗೆ ಹೋದರೆ ಅರ್ಧ ಊರು ಬಂದು ಕೂತಿತ್ತು. ಬಯಕೆಯ ಹೆಣ್ಣಿಗೆಂದು ಕಲ್ಲಿನ ಮೇಲೆ ಕಂಬಳಿ ಹಾಸಿ ಅನುಶ್ರೀಯನ್ನು ಕೂರಿಸಿದ್ದರು. ನನ್ನ ಮಾವ ಕೆರಿಯನವರು ಎಲ್ಲರಿಗೂ ವರದಿ ಕೊಡುತ್ತಿದ್ದರು: "ನಮ್ಮ ಅಳಿಯೋರು ಮಿಸಿನ್ ತಂದಾರೆ. ಹನ್ನೆರಡು ಬೇರಿಂಗು! ನಮ್ಮ ಪಂಪ್‌ಸೆಟ್ಟಿಗೂ ಅಷ್ಟಿಲ್ಲ!"

ನಾನು ಹತ್ತು ನಿಮಿಷ ಉಪನ್ಯಾಸ ಕೊಟ್ಟೆ. ಜಡತ್ವ, ಘರ್ಷಣೆ, ಕಾಂತದ ಬ್ರೇಕು. ಜನ ಬಾಯಿ ತೆರೆದು ಕೇಳಿದರು. ಆಮೇಲೆ ಬೀಸಿದೆ.

ಕಪ್ಪೆ ಎಂಟಡಿ ದೂರದಲ್ಲಿ ಬಿತ್ತು. ರೀಲಿನಲ್ಲಿ ಗೂಡು.

ಯಾರೂ ನಗಲಿಲ್ಲ. ಅದೇ ಹೆಚ್ಚು ನೋವು. ಮಾವ ಮೆಲ್ಲಗೆ ಕೆಮ್ಮಿದರು. "ಅಲ್ಲ ಅಳಿಯೋರೆ, ಇಷ್ಟೇ ದೂರ ಆದ್ರೆ ಕೈಯಲ್ಲೇ ಒಗೀಬಹುದಾಗಿತ್ತು."

ಬಿಡಿಸಿದೆ, ಕತ್ತರಿಸಿದೆ, ಮತ್ತೆ ಬೀಸಿದೆ. ಗಂಟೆ ಎಂಟಾಯಿತು, ಒಂಬತ್ತಾಯಿತು. ಬ್ರೇಕನ್ನು ಹತ್ತಕ್ಕೇ ಇಟ್ಟೆ, ಮಾನ ಬಿಟ್ಟು. ಕಪ್ಪೆ ನೆಟ್ಟಗೆ ನನ್ನ ಕಾಲ ಬುಡದಲ್ಲೇ ಬಿತ್ತು. ಮತ್ತೆ ಮೂರಕ್ಕೇ ತಂದೆ, ಮತ್ತೆ ಗೂಡು. ಹನ್ನೊಂದಕ್ಕೆ ಅನುಶ್ರೀ ಎದ್ದು ಬಂದು ಪಿಸುಗುಟ್ಟಿದಳು: "ಬಿಡಿ, ನಂಗೆ ಆಸೆ ಹೋಯ್ತು. ಕೋಳಿ ಸಾಕು." ಅವಳ ಕಣ್ಣು ಮಾತ್ರ ತಾವರೆ ಎಲೆಯ ಮೇಲೇ ಇತ್ತು. ಪ್ರತಿಜ್ಞೆ ಹೋಗಲಿ, ಪ್ರಥಮ ದರ್ಜೆ ಹೋಗಲಿ. ಏಳು ತಿಂಗಳಿನಿಂದ ನನ್ನ ಹತ್ತಿರ ಒಂದೇ ಒಂದು ವಸ್ತು ಕೇಳಿದವಳು, ಅದನ್ನೂ ನನಗಾಗಿ ಬೇಡ ಅನ್ನುತ್ತಿದ್ದಾಳೆ!

ಅಷ್ಟರಲ್ಲಿ ಅತ್ತೆ ಸುಬ್ಬಿ ದಂಡೆ ಹತ್ತಿ ಬಂದರು. ಮಸಾಲೆ ಅರೆದ ಕೈ ಇನ್ನೂ ಕೆಂಪಗಿತ್ತು. "ಮಸಾಲೆ ಅರ್ದು ಎರಡು ತಾಸಾಯ್ತು. ಮೀನು ಎಲ್ಲದೆ?"

ಅವರು ನನ್ನ ಕೈಯ ಗೂಡು ನೋಡಿದರು. ತುರುಬಿನಿಂದ ಒಂದು ಪಿನ್ನು ಕಿತ್ತು, ಸಿಕ್ಕಾದ ಕೂದಲು ಬಿಡಿಸುವ ಹಾಗೆ, ಅಲ್ಲೊಂದು ಇಲ್ಲೊಂದು ಎಳೆ ಎತ್ತಿ ಐದೇ ನಿಮಿಷದಲ್ಲಿ ಬಿಡಿಸಿದರು. ಕತ್ತರಿ ಬೇಕಾಗಲಿಲ್ಲ. ಆಮೇಲೆ, "ಒಂದ್ಸಲ ಬೀಸಿ, ಕಾಣ್ವ" ಎಂದರು. ಬೀಸಿದೆ. ಗೂಡು.

"ಹೌದನಾ, ಬಾವಿಗೆ ಕೊಡ ಬಿಡೂದು ಕಂಡಿದ್ರಿ ಅಲ್ಲ?" ಎಂದರು ಅತ್ತೆ, ಮತ್ತೆ ಪಿನ್ನು ಆಡಿಸುತ್ತಾ. "ಕೊಡ ಇಳೀತಿದ್ದ ಹಾಗೆ ಹಗ್ಗ ಓಡ್ತದೆ. ಓಡೂ ಹಗ್ಗಕ್ಕೆ ಅಂಗೈ ತಾಗ್ಸಿ ಇಟ್ಕಣೂದು. ಹಿಡೀಲೂ ಆಗ, ಬಿಡ್ಲೂ ಆಗ. ಕೊಡ ನೀರು ಮುಟ್ಟೂ ಮುಂಚೆ ಒತ್ತಿ ನಿಲ್ಸೂದು. ಇಲ್ದಿದ್ರೆ ಹಗ್ಗ ಸಿಕ್ಕಾಗ್ತದೆ, ಕೊಡ ಒಡೀತದೆ. ಇದೂ ಅದೇ ಅಲ್ದಾ? ಕೊಡಿ ಇಲ್ಲಿ."

ಸೀರೆಗೆ ಕೈ ಒರೆಸಿಕೊಂಡು ಉರುಳೆಯ ಮೇಲೆ ಹೆಬ್ಬೆರಳಿಟ್ಟರು. ಗದ್ದೆಯಲ್ಲಿ ಗಿಳಿ ಓಡಿಸಲು ಕವಣೆ ಬೀಸಿದ ತೋಳು ಅದು. ಮೊದಲ ಸಲ ಕಪ್ಪೆ ಅರ್ಧ ದೂರ ಹೋಯಿತು, ಗೂಡಿಲ್ಲ. "ಹೂಂ" ಎಂದರು. ಎರಡನೆಯ ಸಲ ಇನ್ನೂ ದೂರ. ಮೂರನೆಯ ಸಲ ಉರುಳೆ ಹಾಡಿತು. ಹೌದು, ಹಾಡಿತು! ನನ್ನ ಕೈಯಲ್ಲಿ ಇಷ್ಟು ದಿನ ಕಿರುಚಿದ್ದ ಅದೇ ಹನ್ನೆರಡು ಬೇರಿಂಗು! ಕಪ್ಪೆ ಕೆರೆಯ ಮೇಲೆ ಉದ್ದಕ್ಕೆ ತೇಲಿ ಹೋಗಿ, ತಾವರೆ ಎಲೆಯ ಅಂಚಿನಲ್ಲಿ, ಮಲಗಿದ ಮಗುವಿಗೆ ಹೊದಿಕೆ ಹೊದಿಸಿದಷ್ಟು ಮೆಲ್ಲಗೆ ಕೂತಿತು. ನೀರಿನಲ್ಲಿ ಸುರುಳಿ ಕೂಡ ಏಳಲಿಲ್ಲ.

ನಾನು ಕಣ್ಣು ಮಿಟುಕಿಸದೆ ನಿಂತಿದ್ದೆ. ಸಿದ್ದಾಪುರದ ನಮ್ಮ ಹಳ್ಳಿಯ ಮನೆಯಲ್ಲೂ ಬಾವಿ ಇತ್ತು. ನಾನು ಹಗ್ಗ ಮುಟ್ಟಲು ಹೋದರೆ ಅವ್ವ ಬಿಡುತ್ತಿರಲಿಲ್ಲ. "ನೀ ಓದ್ಕಳ ತಮಾ" ಎಂದು ತಾನೇ ಸೇದುತ್ತಿದ್ದಳು. ಅವಳ ಅಂಗೈಯಡಿ ಹಗ್ಗ ಓಡುತ್ತಿದ್ದರೆ, ನಾನು ಬಾವಿಕಟ್ಟೆಗೆ ಬೆನ್ನು ಹಾಕಿ ಕೂತು, 'ಘರ್ಷಣೆಯು ಚಲನೆಯನ್ನು ವಿರೋಧಿಸುತ್ತದೆ' ಎಂದು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ!

ಗಬಕ್! ನೀರು ಒಡೆಯಿತು. ಎಲೆಗಳು ಹಾರಿದವು. ಕೋಲು ಬಿಲ್ಲಿನಂತೆ ಬಾಗಿತು.

"ಬನ್ನಿ ಬನ್ನಿ, ನೀವು ಹಿಡೀರಿ!" ಎಂದು ಅತ್ತೆ ಕೋಲನ್ನು ನನ್ನ ಕೈಗೆ ತುರುಕಿದರು. "ಗಂಡನ ಕೈ ಆಗ್ಬೇಕಲ್ಲ!"

ನಾನು ಹಿಡಿಕೆ ತಿರುಗಿಸಿದೆ. ಗಾಬರಿಯಲ್ಲಿ, ದಾರದ ಬಿಗಿ ಕಾಯುವ ನಕ್ಷತ್ರದಂಥ ಗಾಲಿಯನ್ನು ಉಲ್ಟಾ ತಿರುಗಿಸಿ ಸಡಿಲ ಮಾಡಿಬಿಟ್ಟೆ. ಮೀನು ದಾರ ಎಳೆದುಕೊಂಡು ಎಲೆಯತ್ತ ಓಡತೊಡಗಿತು. ಮಸಾಲೆಯ ಹೆಬ್ಬೆರಳೊಂದು ಪಕ್ಕದಿಂದ ಬಂದು ಉರುಳೆಯ ಮೇಲೆ ಕೂತಿತು. ಓಟ ನಿಂತಿತು. ಬೆರಳು ಒತ್ತಿದಾಗ ನಾನು ತಡೆದೆ, ಎತ್ತಿದಾಗ ತಿರುಗಿಸಿದೆ. ದಂಡೆಗೆ ಬಂತು ಮೀನು! ಮೊಳದ ಮೇಲೆ ನಾಲ್ಕು ಬೆರಳು! ಊರು ಹೋ ಎಂದಿತು. ಅನುಶ್ರೀ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

ಮಧ್ಯಾಹ್ನ ಅವಳು ಮೂರು ಸಲ ಸಾರು ಹಾಕಿಸಿಕೊಂಡು ಉಂಡಳು. ನಾನು ಉಣ್ಣದೆ ಅದನ್ನೇ ನೋಡುತ್ತಾ ಕೂತಿದ್ದೆ.

ಊಟವಾದ ಮೇಲೆ ಅತ್ತೆ ಎಲೆಯಡಿಕೆ ಹಾಕಿಕೊಂಡು ರೀಲನ್ನು ಮಡಿಲಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದರು. ಪಕ್ಕದ ಗುಬುಟು, ಬ್ರೇಕಿನ ಅಂಕಿ, ನಕ್ಷತ್ರದ ಗಾಲಿ, ಒಂದೊಂದನ್ನೂ ಮುಟ್ಟಿದರು.

"ಅಳಿಯೋರೆ, ಹೆಬ್ಬೆಟ್ಟು ಒಂದು ಸಾಕಲ್ಲ ಇದಕ್ಕೆ. ಮತ್ತೆ ಇಷ್ಟೆಲ್ಲ ಎಂತಕ್ಕೆ ಇಟ್ಟಾರೆ?"

ನಾನು ನೋಟ್‌ಬುಕ್ ಮುಚ್ಚಿದೆ.

"ಅದು ಅತ್ತೆ... ಬಾವಿಕಟ್ಟೆಗೆ ಬೆನ್ನು ಹಾಕಿ ಓದಿ ಪಾಸಾದವರಿಗೆ."