ಬಿರಿಬೊ ಕೇಳಿ ಪಡೆದ ವೋಟು

ಕೇಳಬಾರದ್ದನ್ನು ಮೊದಲು ಕೇಳಿದವನು ಬಿರಿಬೊನೇ. ಬೆಳಿಗ್ಗೆ ಎದ್ದವನೇ ಭಾವಮೈದುನ ಕೌಟುವಿನ ಮನೆಗೆ ಹೋಗಿ, "ಕೌಟು, ಬುಬುತಿ! ಇವತ್ತು ನಿನ್ನ ವೋಟು ನನಗೆ ಕೊಡು" ಅಂದುಬಿಟ್ಟ.

ಕೌಟು ಮಂತ್ರಿ. ಬಿರಿಬೊ ವಿರೋಧಪಕ್ಷದ ನಾಯಕ. ರಾಜಧಾನಿ ತರಾವಾದ ಸಂಸತ್ತಿನಲ್ಲಿ ವಿರೋಧಿಸಿ ವಿರೋಧಿಸಿಯೇ ತಲೆ ಬೋಳಾದವನು, ಸದನದಲ್ಲಿ ಒಂದು ನಿರ್ಣಯವನ್ನೂ ಗೆದ್ದವನಲ್ಲ. ಇವತ್ತಿನ ಅವಿಶ್ವಾಸ ನಿರ್ಣಯವೂ ಬಿದ್ದರೆ ಮತ್ತೆ ಆರಿಸುವುದಿಲ್ಲ ಅಂತ ಅವನ ದ್ವೀಪದವರು ಖಡಾಖಂಡಿತ ಹೇಳಿದ್ದರು. ಕೊರತೆ ಇದ್ದದ್ದು ಒಂದೇ ಮತದ್ದು. ನೆಂಟರು ಬುಬುತಿ ಅಂತ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆಂದವನು ಕಿರಿಬಾಟಿ ದ್ವೀಪಗಳಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ.

"ಭಾವ, ಉಟ್ಟ ಲುಂಗಿ ಕೇಳು, ಬಿಚ್ಚಿಕೊಡ್ತೀನಿ. ವೋಟು ಕೇಳ್ತಾರಾ ಯಾರಾದ್ರೂ?"

"ಕೇಳಾಯ್ತಲ್ಲ!"

"ತಗೋ, ಕೊಟ್ಟೆ" ಅಂದ ಕೌಟು, ಕಹಿ ನುಂಗಿದವನಂತೆ.

ಬಿರಿಬೊ ಹಲ್ಲುಕಿರಿಯುತ್ತ ಹೊರಬಿದ್ದ. ಆ ಹಲ್ಲೇ ಮುಳುವಾಯಿತು. ಖುಷಿಯಾಗಿರುವವನನ್ನು ಕೇಳದೆ ಇನ್ನಾರನ್ನು ಕೇಳಬೇಕು? ಚಿಕ್ಕಮ್ಮ ತೆರಕ ಅವನ ಬೈಕಿಗೆ ಅಡ್ಡ ನಿಂತಳು. "ಮೊಮ್ಮಗಳ ಹುಟ್ಟುಹಬ್ಬ ಕಣೋ, ಹಂದಿ ತರಬೇಕು. ಬೈಕು ಬುಬುತಿ!" ಬೈಕು ಹೋಯಿತು. ಬಸ್ಸು ಹತ್ತಿದರೆ ಪಕ್ಕದಲ್ಲಿ ಷಡ್ಡಕ. "ಶರಟು ಚೆನ್ನಾಗಿದೆ" ಅಂದ. ಶರಟೂ ಹೋಯಿತು.

ಸಂಸತ್ತಿನ ಬಾಗಿಲಲ್ಲಿ ಬರೀ ಬನಿಯನ್ನಿನಲ್ಲಿದ್ದವನನ್ನು ನೋಡಿ ಕಾವಲುಗಾರ ಕೇಳಿದ, "ಸರಕಾರ ಬೀಳಿಸ್ತೀನಿ ಅಂತಿದ್ರಲ್ಲ, ನೀವೇ ಎಲ್ಲೋ ಬಿದ್ದು ಬಂದಂಗಿದೆ?" ಪಾಪ, ತನ್ನ ಕೋಟು ಕೊಟ್ಟು ಒಳಗೆ ಬಿಟ್ಟ.

ಇನ್ನೇನು ಮತಕ್ಕೆ ಹಾಕಬೇಕು, ಕೌಟು ಎದುರಿಗೆ ಬಂದು ನಿಂತ. "ಭಾವ, ನಾನು ಮಾತು ತಪ್ಪೋನಲ್ಲ. ನನ್ನ ವೋಟು ನಿನ್ನದೇ."

"ನಂಗೊತ್ತು ಕಣೋ, ನನ್ನಪ್ಪ!"

"ಆದ್ರೆ ನನ್ನ ಸರಕಾರಾನೂ ಉಳೀಬೇಕಲ್ಲ. ಅದಕ್ಕೇ ಭಾವ, ಬುಬುತಿ!" ಇಡೀ ಸದನಕ್ಕೆ ಕೇಳುವಂತೆ ಅಂದ. "ನಿನ್ನ ವೋಟು ನನಗೆ ಕೊಡು."

ಬುಬುತಿ ಅಂದ ಮೇಲೆ ಬಿರಿಬೊ ಕೊಡಲೇಬೇಕಾಯಿತು. ತಾನೇ ಮಂಡಿಸಿದ ನಿರ್ಣಯದ ವಿರುದ್ಧ ತಾನೇ ಕೈ ಎತ್ತಿದ. ಅತ್ತ ಮಂತ್ರಿ ಕೌಟು ತನ್ನ ಸರಕಾರದ ವಿರುದ್ಧ ಕೈ ಎತ್ತಿದ. ನಿರ್ಣಯ ಬಿದ್ದುಹೋಯಿತು, ಒಂದೇ ಮತದಿಂದ.

ಸರಕಾರದವರು ಕೌಟುವನ್ನು ನಿಂತ ನಿಲುವಿನಲ್ಲೇ ಪಕ್ಷದಿಂದ ಹೊರದಬ್ಬಿದರು. ವಿರೋಧಪಕ್ಷದವರು ಅವನನ್ನು ತಬ್ಬಿಕೊಂಡರು. "ನಮ್ಮ ನಾಯಕನೇ ಕೈಕೊಟ್ಟ, ನೀನಾದ್ರೂ ಗಂಡಸಪ್ಪ!"

ಕೌಟು ನಿಧಾನವಾಗಿ ಬಿರಿಬೊನ ಪಕ್ಕಕ್ಕೆ ಬಂದ. ನಾಯಕನ ಕುರ್ಚಿಯ ಮೇಲೆ ಕೈಯಾಡಿಸಿದ. "ಭಾವ..." ಅಂದ.

ಮುಂದಿನ ಮಾತು ಬರುವ ಮೊದಲೇ ಬಿರಿಬೊ ಎದ್ದು ನಿಂತ.